ದೂರಸಭೆಯ ಆಸನಧರ್ಮ

ಸಭೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಮೇಲುನೋಟಕ್ಕೆ ಅಲ್ಪವಿಷಯವೆಂದು ತೋರಬಹುದು. ಮಹಾಭಾರತದ ಸಭಾಪರ್ವವನ್ನು ಓದಿದವರು ಹಾಗೆ ತಿಳಿಯಲಾರರು. ರಾಜಸೂಯದ ಸಂದರ್ಭದಲ್ಲಿ ಅಗ್ರಪೂಜೆಯು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆ ಹುಟ್ಟಿತು. ಭೀಷ್ಮನು ಕೃಷ್ಣನ ಹೆಸರನ್ನು ಸೂಚಿಸಿದನು. ಸಹದೇವನು ಅರ್ಘ್ಯವನ್ನು ಒಪ್ಪಿಸಿದನು. ಶಿಶುಪಾಲನು ಕನಲಿ ಎದ್ದನು. ಯಜ್ಞಮಂಟಪದಲ್ಲಿ ಒಂದು ತಲೆ ಉರುಳಿತು. ಅದೇ ಪರ್ವದಲ್ಲಿ ಮುಂದೆ ಇನ್ನೊಂದು ಸಭೆ ಬರುತ್ತದೆ. ಅಲ್ಲಿಯ ಪ್ರಶ್ನೆ ಆಸನದ್ದಲ್ಲ, ಮೌನದ್ದು. ದ್ರೌಪದಿಯು ಕೇಳಿದ ಪ್ರಶ್ನೆಗೆ ಹಿರಿಯರು ನೇರವಾದ ಉತ್ತರವನ್ನು ಕೊಡಲಿಲ್ಲ. ಉತ್ತರಿಸಿರೆಂದು ವಿದುರನು ಸಭಾಸದರನ್ನು ಎಚ್ಚರಿಸಿದನು. ಕೌರವರಲ್ಲಿ ವಿಕರ್ಣನೊಬ್ಬನು ಬಾಯಿಬಿಟ್ಟನು. ಮುಂದೆ ಯಾರನ್ನು ಕೂರಿಸಬೇಕು, ಮಾತಾಡದೆ ಇರುವವರ ಮನಸ್ಸನ್ನು ಹೇಗೆ ತಿಳಿಯಬೇಕು ಎಂಬ ಈ ಎರಡು ಪ್ರಶ್ನೆಗಳೂ ಈಚೆಗೆ ಬಳಕೆಗೆ ಬಂದಿರುವ ಒಂದು ಬಗೆಯ ಸಭೆಯಲ್ಲಿ ಒಂದೇ ಪ್ರಶ್ನೆಯಾಗಿ ಕೂಡಿಕೊಂಡಿವೆ. ಅದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ಸಭೆಯೆಂದರೆ ಜನರು ವೀಡಿಯೊ ಮೀಟಿಂಗೆಂದು ಕರೆಯುವ ದೂರಸಭೆ. 2020ನೆಯ ಇಸವಿಯ ಮಾರ್ಚಿಯಲ್ಲಿ ದೇಶದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಇದು ಮನೆಮನೆಗೂ ಬಂದಿತು. ಬಾಗಿಲುಗಳು ತೆರೆದ ಮೇಲೆಯೂ ಹೋಗಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಇದರ ಉಪಯೋಗ ಸ್ಪಷ್ಟವಾಗಿಯೇ ಇದೆ. ತೋಟ ಇಲ್ಲಿ, ತಂದೆತಾಯಿಗಳು ಇಲ್ಲಿ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಸಮುದ್ರದಾಚೆ. ಹಬ್ಬದ ನಮಸ್ಕಾರ, ಹೆಣ್ಣುಗಂಡಿನ ಮಾತುಕತೆ, ಸಂಘದ ಕಾರ್ಯಕಾರಿ ಸಭೆ, ಪಾಲುಪಾರೀಕತ್ತಿನ ಮಾತು, ಇವೆಲ್ಲ ಈಗ ಒಂದು ಗಾಜಿನ ಪರದೆಯ ಮೇಲೆ ನಡೆಯುತ್ತವೆ.

ಈ ಸಭೆಗೆ ಒಂದು ವೈಲಕ್ಷಣ್ಯವುಂಟು. ಅರಳಿಕಟ್ಟೆಯ ಮೇಲೆ ಹತ್ತು ಜನ ಕುಳಿತರೆ ಆ ಹತ್ತು ಜನರಿಗೂ ಸಭೆ ಒಂದೇ. ಬಲಗಡೆ ಯಾರು, ಎಡಗಡೆ ಯಾರು, ಕಂಬಕ್ಕೆ ಒರಗಿದವರು ಯಾರು, ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದೂರಸಭೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರ ಮುಖವೂ ಒಂದೊಂದು ಚೌಕದಲ್ಲಿ ಕಾಣುತ್ತದೆ. ಆ ಚೌಕಗಳ ಜೋಡಣೆ ನೋಡುವವನಿಂದ ನೋಡುವವನಿಗೆ ಬೇರೆ. ಹತ್ತು ಜನ ಸೇರಿದರೆ ಹತ್ತು ಸಭೆಗಳು. ಜೂಮ್ ಎಂಬ ಸಾಧನದಲ್ಲಿ ಒಳ್ಳೆಯ ಕಂಪ್ಯೂಟರುಳ್ಳವನು ಒಂದು ಪುಟದಲ್ಲಿ ಸಾಮಾನ್ಯವಾಗಿ 25, ಹೆಚ್ಚೆಂದರೆ 49 ಮುಖಗಳನ್ನು ಕಾಣಬಲ್ಲನು. ಕೈಯಲ್ಲಿ ಫೋನು ಹಿಡಿದವನಿಗೆ ಒಂದು ಸಲಕ್ಕೆ ನಾಲ್ಕೇ ಮುಖಗಳು. ನಗರದ ಮಗನು ಇಡೀ ಸಭೆಯನ್ನು ಕಾಣುವಾಗ ಹಳ್ಳಿಯ ತಂದೆಯು ಅದರ ಒಂದು ಮೂಲೆಯನ್ನು ಕಾಣುತ್ತಾನೆ. ಇಬ್ಬರೂ ತಾವು ಒಂದೇ ಸಭೆಯಲ್ಲಿದ್ದೇವೆಂದು ನಂಬಿರುತ್ತಾರೆ.

ಇಷ್ಟೇ ಅಲ್ಲ. ನೋಡುವವನು ತನಗೆ ಬೇಕಾದವರನ್ನು ದೊಡ್ಡದಾಗಿ ನಿಲ್ಲಿಸಿಕೊಳ್ಳಬಹುದು; ಅದು ಇತರರಿಗೆ ತಿಳಿಯದು. ಸಭೆಯನ್ನು ಕರೆದವನು ಒಬ್ಬರನ್ನೋ ಕೆಲವರನ್ನೋ ಎಲ್ಲರ ಪರದೆಯ ಮೇಲೂ ಮುಂದಕ್ಕೆ ತರಬಹುದು. ಚೌಕಗಳನ್ನು ತನ್ನ ಇಷ್ಟದಂತೆ ಜೋಡಿಸಿ, ಎಲ್ಲರೂ ಆ ಕ್ರಮವನ್ನೇ ಕಾಣುವಂತೆ ಮಾಡಬಹುದು. ಏನನ್ನೂ ಮಾಡದೆ ಬಿಟ್ಟರೆ ಯಂತ್ರವು ಮಾತಾಡುವವನನ್ನು ಮುಂದಕ್ಕೆ ತರುತ್ತದೆ. ಯಂತ್ರಕ್ಕೆ ಮಾತಿನ ಬೆಲೆ ಗೊತ್ತಿಲ್ಲ, ಧ್ವನಿ ಮಾತ್ರ ಗೊತ್ತು. ಆದಕಾರಣ ಒಮ್ಮೊಮ್ಮೆ ಕೆಮ್ಮಿದವನಿಗೂ ಅಗ್ರಪೂಜೆ ಸಲ್ಲುತ್ತದೆ. ಕೊನೆಯದಾಗಿ, ವೀಡಿಯೊ ಇಲ್ಲದವರನ್ನು ಪರದೆಯಿಂದಲೇ ಮರೆಮಾಡುವ ಒಂದು ಅನುಕೂಲವೂ ಇದೆ. ಬರಿಯ ಕಪ್ಪು ಚೌಕಗಳು ಕಣ್ಣಿಗೆ ಹಿತವಲ್ಲವೆಂದು ಅನೇಕರು ಇದನ್ನು ಬಳಸುತ್ತಾರೆ.

ಈ ಸ್ವಾತಂತ್ರ್ಯವನ್ನು ಉಪಯೋಗಿಸುವುದರಲ್ಲಿ ಧರ್ಮಾಧರ್ಮಗಳ ಮಾತೇನಾದರೂ ಇದೆಯೆ? ಇಲ್ಲವೆಂದು ವಾದಿಸುವುದು ಸುಲಭ. ಪೂರ್ವಪಕ್ಷವು ಹೀಗಿರಬಹುದು: ಪರದೆ ನನ್ನದು, ಕಣ್ಣು ನನ್ನದು. ನಾನು ಯಾರನ್ನು ದೊಡ್ಡದಾಗಿ ನೋಡಿದರೆ ಯಾರಿಗೇನು? ಮರೆಯಾದವನಿಗೆ ತಾನು ಮರೆಯಾದುದು ತಿಳಿಯುವುದೇ ಇಲ್ಲ. ತಿಳಿಯದ ಅವಮಾನ ಅವಮಾನವಲ್ಲ. ಮಂಟಪದಲ್ಲಿ ಕುಳಿತಾಗಲೂ ಕಣ್ಣು ಒಬ್ಬರನ್ನೇ ನೋಡುತ್ತದೆ, ಉಳಿದವರನ್ನು ಬಿಡುತ್ತದೆ. ಇದರಲ್ಲಿ ಹೊಸದೇನು?

ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಎಲ್ಲರನ್ನೂ ಏಕಕಾಲದಲ್ಲಿ ನೋಡುವುದು ಮನುಷ್ಯಶಕ್ತಿಗೆ ಮೀರಿದ್ದು. ಆದರೂ ಮಂಟಪದ ಕಣ್ಣಿಗೂ ಪರದೆಯ ಕಣ್ಣಿಗೂ ಒಂದು ಭೇದವುಂಟು. ಮಂಟಪದಲ್ಲಿ ನೋಟದಿಂದ ಬಿಟ್ಟವನು ಅಲ್ಲಿಯೇ ಇರುತ್ತಾನೆ. ಅವನು ನಿಟ್ಟುಸಿರಿಟ್ಟರೆ, ಹೆಗಲಿನ ವಸ್ತ್ರವನ್ನು ಕೊಡವಿದರೆ, ಎದ್ದು ಹೊರಗೆ ಹೋದರೆ, ನೋಡದವನಿಗೂ ಅರಿವಾಗುತ್ತದೆ. ಪರದೆಯಿಂದ ಬಿಟ್ಟವನು ಇಲ್ಲವೇ ಆಗುತ್ತಾನೆ. ಮೊದಲನೆಯದು ಗಮನವಿಲ್ಲದಿರುವುದು, ಎರಡನೆಯದು ಗಮನಿಸಲು ಅವಕಾಶವನ್ನೇ ತೆಗೆದುಹಾಕುವುದು. ಅಲ್ಲದೆ ಕರ್ಮವು ಕಾಯಿಕ, ವಾಚಿಕ, ಮಾನಸಿಕವೆಂದು ಮೂರು ವಿಧವಾಗಿದೆಯೆಂದು ಒಪ್ಪಿದವರು, ಇತರರಿಗೆ ತಿಳಿಯದ್ದರಿಂದಲೇ ಒಂದು ಕಾರ್ಯವು ನಿರ್ದೋಷವಾಗುವುದೆಂದು ಹೇಳಲಾರರು. ಯಾರೂ ಕಾಣದೆಡೆಯಲ್ಲಿ ಮಾಡುವ ಆಸನವ್ಯವಸ್ಥೆಯೇ ಮನಸ್ಸಿನೊಳಗಿನ ಆಸನವ್ಯವಸ್ಥೆಯನ್ನು ಹೆಚ್ಚು ನಿಜವಾಗಿ ತೋರಿಸುತ್ತದೆ.

ಇದರ ಪರಿಣಾಮವು ಎಷ್ಟು ದೂರ ಹೋಗಬಹುದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ತುರುವೇಕೆರೆ ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನನು ತೀರಿಕೊಂಡಿದ್ದಾನೆ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ, ಮಗಳು ಚಿಕ್ಕನಾಯಕನಹಳ್ಳಿಯಲ್ಲಿ. ತಾಯಿ ಊರಿನಲ್ಲಿ ಒಬ್ಬಳೇ. ಎರಡು ಎಕರೆ ತೆಂಗಿನ ತೋಟವನ್ನು ಮಾರುವುದೋ ಉಳಿಸುವುದೋ ಎಂಬುದನ್ನು ನಿಶ್ಚಯಿಸಲು ಒಂದು ಭಾನುವಾರ ದೂರಸಭೆ ಸೇರುತ್ತದೆ. ತಾಯಿಯ ಹತ್ತಿರ ಇರುವುದು ಗುಂಡಿಗಳುಳ್ಳ ಹಳೆಯ ಫೋನು. ಆಕೆ ಧ್ವನಿಯಿಂದ ಮಾತ್ರ ಸಭೆಗೆ ಬಂದಿದ್ದಾಳೆ. ಪರದೆಯ ಮೇಲೆ ಆಕೆಗೆ ಮುಖವಿಲ್ಲ, ಒಂದು ಸಂಖ್ಯೆಯಿದೆ. ಹಿರಿಯ ಮಗನ ಕಂಪ್ಯೂಟರಿನಲ್ಲಿ ವೀಡಿಯೊ ಇಲ್ಲದವರನ್ನು ಮರೆಮಾಡುವ ಏರ್ಪಾಡು ಕಚೇರಿಯ ಕೆಲಸಕ್ಕಾಗಿ ಎಂದೋ ಮಾಡಿದ್ದು ಹಾಗೆಯೇ ಉಳಿದಿದೆ. ಅವನ ಕಣ್ಣಿಗೆ ಮೂರು ಮುಖಗಳು ಕಾಣುತ್ತವೆ. ಮೂವರೂ ಮಾತಾಡುತ್ತಾರೆ, ಆಳು ಸಿಕ್ಕುವುದಿಲ್ಲ, ನುಸಿಯ ಕಾಟ, ಕೊಬ್ಬರಿಯ ಧಾರಣೆ ನಿಲ್ಲುವುದಿಲ್ಲ, ಎಂಬ ಮಾತುಗಳೆಲ್ಲ ನಿಜವೇ. ಮುಕ್ಕಾಲು ಗಂಟೆಯ ಕೊನೆಗೆ, ಹಾಗಾದರೆ ಎಲ್ಲರ ಒಪ್ಪಿಗೆಯೂ ಆಯಿತಲ್ಲ, ಎನ್ನುತ್ತಾನೆ. ಇಲ್ಲವೆಂದವರು ಯಾರೂ ಇಲ್ಲ. ಸಭೆ ಮುಗಿಯುತ್ತದೆ.

ಈ ಮಗನು ದುಷ್ಟನಲ್ಲ. ತಾಯಿಯನ್ನು ಅಲಕ್ಷ್ಯಮಾಡಬೇಕೆಂದು ಅವನು ನೆನೆಸಿದವನೂ ಅಲ್ಲ. ಅದೇ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರೆ, ಬಾಗಿಲ ಬಳಿ ಸೆರಗು ಹಿಡಿದು ನಿಂತ ತಾಯಿಯ ಮುಖವನ್ನು ಒಮ್ಮೆಯಾದರೂ ನೋಡುತ್ತಿದ್ದನು. ಅಮ್ಮಾ, ನೀನೇನು ಹೇಳುತ್ತೀ, ಎಂದು ಕೇಳುತ್ತಿದ್ದನು. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಲೋಕದಲ್ಲಿ ಪ್ರಸಿದ್ಧವಾಗಿದೆ. ಆದರೆ ಆ ಮಾತು ಎದುರಿಗೆ ಕುಳಿತವರ ವಿಷಯದಲ್ಲಿ ಹುಟ್ಟಿದ್ದು. ಮೌನದಲ್ಲಿ ಸಮ್ಮತಿಯೂ ಉಂಟು, ಸಂಕೋಚವೂ ಉಂಟು, ಭಯವೂ ಉಂಟು, ದುಃಖವೂ ಉಂಟು; ಇವುಗಳಲ್ಲಿ ಯಾವುದೆಂಬುದನ್ನು ಹೇಳುವುದು ಮುಖ. ಮುಖವನ್ನು ನೋಡದೆ ಮೌನಕ್ಕೆ ಅರ್ಥ ಹೇಳುವವನು ಓದದ ಪತ್ರಕ್ಕೆ ರುಜು ಹಾಕಿದವನಂತೆ. ಮುಖವೇ ಕಾಣದ ಕಪ್ಪು ಚೌಕವೂ ನಿಷ್ಪ್ರಯೋಜಕವಲ್ಲ. ಇಲ್ಲಿ ಒಬ್ಬರಿದ್ದಾರೆ, ಅವರನ್ನು ಇನ್ನೂ ಕೇಳಿಲ್ಲ, ಎಂದು ಅದು ನೆನಪಿಸುತ್ತಲೇ ಇರುತ್ತದೆ. ಕಣ್ಣಿನ ಹಿತಕ್ಕಾಗಿ ಅದನ್ನು ಅಳಿಸುವವನು ನೆನಪನ್ನೇ ಅಳಿಸಿದಂತಾಯಿತು. ಮೇಲಾಗಿ ವೀಡಿಯೊ ಇಲ್ಲದವರು ಸಾಮಾನ್ಯವಾಗಿ ಯಾರು? ಒಳ್ಳೆಯ ಫೋನಿಲ್ಲದವರು, ನೆಟ್‌ವರ್ಕ್ ಸಿಕ್ಕದ ಊರಿನವರು, ವಯಸ್ಸಾದವರು, ಮನೆಯ ಗೋಡೆಯನ್ನು ಇತರರಿಗೆ ತೋರಿಸಲು ನಾಚುವವರು. ಅವರನ್ನು ಒಟ್ಟಾಗಿ ಮರೆಮಾಡುವ ಏರ್ಪಾಡು ನೋಟಕ್ಕೆ ಓರಣ. ಪರಿಣಾಮದಲ್ಲಿ ಬಡವರನ್ನೂ ವೃದ್ಧರನ್ನೂ ಪಂಕ್ತಿಯಿಂದ ಎಬ್ಬಿಸಿದಂತೆ.

ನೋಟಕ್ಕೂ ಸನ್ನಿಧಿಗೂ ಇರುವ ಈ ಸಂಬಂಧವನ್ನು ನ್ಯಾಯಸ್ಥಾನಗಳೂ ಪರಿಶೀಲಿಸಿವೆ. ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಅಮೆರಿಕದಲ್ಲಿದ್ದ ಸಾಕ್ಷಿಯ ಹೇಳಿಕೆಯನ್ನು ವೀಡಿಯೊ ಮೂಲಕ ತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಮಾನಿಸಿತು. ಸನ್ನಿಧಿಯೆಂದರೆ ಶರೀರದ ಸನ್ನಿಧಿಯೇ ಆಗಬೇಕಾಗಿಲ್ಲ. ಸಾಕ್ಷಿಯನ್ನು ನೋಡಲು, ಕೇಳಲು, ಅವನ ಮುಖಭಾವವನ್ನು ಗಮನಿಸಲು ಸಾಧ್ಯವಿದ್ದರೆ ಸಾಕೆಂಬುದು ಅದರ ತಾತ್ಪರ್ಯ. ಹಾಗಾದಲ್ಲಿ ಇದರ ಮರುಮುಖವನ್ನೂ ಒಪ್ಪಬೇಕಾಗುತ್ತದೆ. ನೋಡಲ್ಪಡುವುದರಿಂದ ಸನ್ನಿಧಿ ಉಂಟಾಗುವುದಾದರೆ, ನೋಡಲು ಒಲ್ಲದವನು ಸನ್ನಿಧಿಯನ್ನು ಕಸಿದುಕೊಂಡಂತೆಯೇ ಸರಿ.

ಹಾಗೆಂದು ಎಲ್ಲ ಸಭೆಗಳಲ್ಲಿಯೂ ಎಲ್ಲರ ಮುಖಗಳನ್ನೂ ಸಮನಾಗಿ ಹರಡಿಕೊಂಡೇ ಕುಳಿತಿರಬೇಕೆಂದು ವಿಧಿಸುವುದು ಯುಕ್ತವಲ್ಲ. ಸಭೆಗಳಲ್ಲಿ ಭೇದವುಂಟು. ಹರಿಕಥೆಯಲ್ಲಿ ಶ್ರೋತೃಗಳ ದೃಷ್ಟಿಯೆಲ್ಲ ದಾಸರ ಮೇಲೆ. ಪಾಠದಲ್ಲಿ ಶಿಷ್ಯರ ದೃಷ್ಟಿ ಗುರುವಿನ ಮೇಲೆ. ಅಲ್ಲಿ ಒಂದೇ ಮುಖವು ಪರದೆಯನ್ನು ತುಂಬಿದರೆ ದೋಷವಿಲ್ಲ. ಆದರೆ ಗುರುವಿನ ಪರದೆಯಲ್ಲಿ ಹಾಗಾಗಕೂಡದು. ಅವನು ಹಿಂದಿನ ಪುಟದಲ್ಲಿರುವ ಮಂದಶಿಷ್ಯನ ಮುಖವನ್ನೂ ಆಗಾಗ್ಗೆ ತಿರುವಿ ನೋಡತಕ್ಕವನು. ತೀರ್ಮಾನಕ್ಕಾಗಿ ಸೇರಿದ ಸಭೆಯಲ್ಲಾದರೋ ಎಲ್ಲರೂ ಗುರುವಿನ ಸ್ಥಾನದಲ್ಲಿದ್ದಾರೆ. ಪಂಚಾಯಿತಿಯಲ್ಲಿ ಜನ ಸುತ್ತುಗಟ್ಟಿ ಕುಳಿತುಕೊಳ್ಳುವುದು ಸೊಗಸಿಗಾಗಿ ಅಲ್ಲ. ಪ್ರತಿಯೊಬ್ಬನ ಮುಖವೂ ಪ್ರತಿಯೊಬ್ಬನಿಗೆ ಕಾಣಲೆಂದು.

ಮುಖ್ಯನಿಗೆ ಪ್ರಾಧಾನ್ಯವನ್ನು ಕೊಟ್ಟೂ ಉಳಿದವರನ್ನು ಲೋಪಮಾಡದೆ ಇರುವುದು ಹೇಗೆಂಬುದಕ್ಕೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿಯೇ ನಿದರ್ಶನವಿದೆ. ಅಲ್ಲಿಯ ಕಲ್ಲೇಶ್ವರ ದೇವಾಲಯವು ಒಂಬತ್ತನೆಯ ಶತಮಾನದ್ದು. ಅದರ ಮಂಟಪದ ಭುವನೇಶ್ವರಿಯಲ್ಲಿ ನಡುವೆ ನರ್ತಿಸುವ ಶಿವ, ಪಕ್ಕದಲ್ಲಿ ವಾದ್ಯಗಾರರು, ಸುತ್ತಲೂ ಅಷ್ಟದಿಕ್ಪಾಲಕರು. ನಡುವಿನ ಮೂರ್ತಿ ದೊಡ್ಡದು, ಸಂದೇಹವಿಲ್ಲ. ಆದರೂ ಇಂದ್ರನಿಗೆ ಪೂರ್ವ, ಯಮನಿಗೆ ದಕ್ಷಿಣ, ವರುಣನಿಗೆ ಪಶ್ಚಿಮ, ಕುಬೇರನಿಗೆ ಉತ್ತರ. ನಿರೃತಿಗೂ ತನ್ನ ಮೂಲೆ ತಪ್ಪಿಲ್ಲ. ಶಿಲ್ಪಿಯು ಒಬ್ಬನನ್ನು ಎತ್ತಿ ತೋರಿಸುವುದಕ್ಕಾಗಿ ಎಂಟು ದಿಕ್ಕುಗಳನ್ನು ಬರಿದುಮಾಡಲಿಲ್ಲ. ಸಭೆಯನ್ನು ಕರೆದವನ ಧರ್ಮವೂ ಇದೇ ಆಗಿದೆ. ಚೌಕಗಳ ಕ್ರಮವನ್ನು ಎಲ್ಲರಿಗೂ ಒಂದೇ ಆಗಿ ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿರುವಾಗ, ಯಾವ ತೀರ್ಮಾನದಿಂದ ಯಾರಿಗೆ ಹೆಚ್ಚು ಬಾಧಕವೋ ಅವರನ್ನು ಎಲ್ಲರ ಕಣ್ಣೆದುರಿನಲ್ಲಿ ಇಡುವುದು ಅವನ ಕರ್ತವ್ಯ. ಒಂದೇ ಸಭೆಯಲ್ಲಿದ್ದೇವೆಂಬ ಭಾವನೆ ಬೇಕೆಂಬುದು ಈ ಸಾಧನಗಳನ್ನು ಮಾಡುವವರಿಗೂ ತೋರದೆ ಇರಲಿಲ್ಲ. 2020ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಟೀಮ್ಸ್ ಎಂಬ ಸಾಧನದಲ್ಲಿ, ಬಂದವರೆಲ್ಲರೂ ಒಂದೇ ಸಭಾಂಗಣದ ಪೀಠಗಳಲ್ಲಿ ಕುಳಿತಂತೆ ಕಾಣುವ ಏರ್ಪಾಡನ್ನು ತಂದಿತು.

ಇನ್ನೊಂದು ಮುಖದ ಮಾತು ಉಳಿದಿದೆ. ಅದು ನೋಡುವವನ ಸ್ವಂತ ಮುಖ. ಕಟ್ಟೆಯ ಮೇಲೆ ಕುಳಿತವನಿಗೆ ತನ್ನ ಮುಖ ಕಾಣುವುದಿಲ್ಲ. ದೂರಸಭೆಯಲ್ಲಿ ಅದು ಸದಾ ಎದುರಿಗಿರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರೆಮಿ ಬೇಲೆನ್ಸನ್ ಎಂಬ ವಿದ್ವಾಂಸರು 2021ರಲ್ಲಿ ಇಂಥ ಸಭೆಗಳಿಂದಾಗುವ ಆಯಾಸಕ್ಕೆ ನಾಲ್ಕು ಕಾರಣಗಳನ್ನು ಸೂಚಿಸಿದಾಗ, ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತಂತೆ ತನ್ನನ್ನು ತಾನೇ ನೋಡಿಕೊಳ್ಳುವುದನ್ನೂ ಅವುಗಳಲ್ಲಿ ಒಂದಾಗಿ ಹೇಳಿದರು. ಮರೆಮಾಡಲೇಬೇಕಾದ ಚೌಕವೊಂದಿದ್ದರೆ ಅದು ಇದೇ. ಸ್ವಮುಖವನ್ನು ಮರೆಮಾಡುವ ಏರ್ಪಾಡೂ ಆ ಸಾಧನಗಳಲ್ಲಿದೆ.

ತೆಂಗಿನ ಸೀಮೆಯವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಅವರು ಸಸಿಗಳನ್ನು ಸಾಲು ಹಿಡಿದು ದೂರದೂರ ನೆಡುವುದು ಒಂದೊಂದು ಮರದ ತಲೆಗೂ ಬಿಸಿಲು ಸಿಕ್ಕಲೆಂದು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ; ಒಳಗೆ ನೀರು ಇಂಗಿ ಉಂಡೆ ಕೊಬ್ಬರಿಯಾಯಿತೋ ಇಲ್ಲವೋ ಎಂಬುದು ಹೊರಗಿನಿಂದ ಗೊತ್ತಾಗದು. ಅಟ್ಟದಲ್ಲಿರುವ ಕಾಯಿ ತಾನಾಗಿ ಮಾತಾಡುವುದಿಲ್ಲ. ಕೈಗೆತ್ತಿಕೊಂಡು, ಅಲ್ಲಾಡಿಸಿ, ಕಿವಿಗೊಡಬೇಕು. ಮುಂದೆ ಬಿದ್ದಿರುವ ನಾಲ್ಕು ಕಾಯಿಗಳನ್ನು ಅಲ್ಲಾಡಿಸಿ ಅಟ್ಟವೆಲ್ಲ ಒಣಗಿತೆಂದು ಹೇಳುವವನನ್ನು ಯಾರೂ ಬುದ್ಧಿವಂತನೆನ್ನರು; ಮೂಲೆಯ ಕಾಯಿಗೂ ಕೈ ಹೋಗಬೇಕು. ಮನೆಯ ಸಭೆಯಾಗಲಿ ಸಂಘದ ಸಭೆಯಾಗಲಿ, ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳುವ ಮೊದಲು ಪುಟಗಳನ್ನೆಲ್ಲ ಒಮ್ಮೆ ತಿರುವಿ, ಮರೆಮಾಡಿದವರನ್ನು ಮರಳಿ ಕರೆದು, ಇನ್ನೂ ಮಾತಾಡದವರನ್ನು ಹೆಸರು ಹಿಡಿದು ಕೇಳುವುದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಮೇಲೆ ಹೇಳಿದ ಮನೆಯಲ್ಲಿ ಹಾಗೆ ಕೇಳಿದ್ದರೆ ತಾಯಿಯು ತೋಟವನ್ನು ಮಾರಬೇಡಿರೆನ್ನುತ್ತಿದ್ದಳೋ ಮಾರಿರೆನ್ನುತ್ತಿದ್ದಳೋ ಹೇಳುವಂತಿಲ್ಲ. ಏನೆಂದಿದ್ದರೂ ಅದು ಆಕೆಯ ಮಾತಾಗುತ್ತಿತ್ತು. ಆ ತೀರ್ಮಾನವು ಮನೆಯವರೆಲ್ಲರ ತೀರ್ಮಾನವಾಗುತ್ತಿತ್ತು.