ಕೈ ಕಟ್ಟಿ ಕುಳಿತವರು

ಸೋಮಾರಿ ಎಂಬ ಮಾತನ್ನು ನನ್ನ ಜೀವಮಾನದಲ್ಲಿ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಟ್ಟಿಲ್ಲ. ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಅದು ಬೋರ್ಡಿನ ಮೇಲೆ ತಾರೀಖು ಬರೆದಷ್ಟೇ ಸಲೀಸು. ಆ ಮಾತಿನ ಅರ್ಥವೇನೆಂದು ಕೂತು ಯೋಚಿಸಿದ್ದು ಹೋದ ವರ್ಷ, ಅದೂ ಒಂದು ಕಂಪ್ಯೂಟರಿನ ಮುಂದೆ ಎಂದರೆ ನಿಮಗೆ ನಗು ಬಂದೀತು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ತನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, "ದೊಡ್ಡಮ್ಮ, ಅಂಕಪಟ್ಟಿ ಮಾಡೋಕೆ ಇದು ಧಾರಾಳ ಸಾಕು" ಎಂದು ತಂದುಕೊಟ್ಟಿದ್ದ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ತುಂಬುವ ಹೊತ್ತಿಗೆ ಸರಿಯಾಗಿ ಅದು ಮುಷ್ಕರ ಹೂಡಿತು. ಒಂದು ಅಂಕಿ ಒತ್ತಿ, ಒಳಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿಕೊಂಡು ಬಂದರೂ ತೆರೆಯ ಮೇಲೆ ಅಂಕಿ ಮೂಡಿರುತ್ತಿರಲಿಲ್ಲ. ದಸರಾ ರಜೆಗೆ ಬಂದವನಿಗೆ ದೂರು ಹೇಳಿದೆ. "ಇದು ಶುದ್ಧ ಸೋಮಾರಿ ಕಣೋ. ಗುಜರಿಗೆ ಹಾಕೋದೇ ವಾಸಿ."

"ಬೈಯೋ ಮೊದಲು ನೋಡೋಣ ಇರಿ" ಎಂದು ಅವನು ಒಂದು ಕಪ್ಪು ಕಿಟಕಿ ತೆರೆದು 'ಟಾಪ್' ಎಂದು ಒತ್ತಿದ. ತೆರೆಯ ತುಂಬ ಅಂಕಿಗಳು, ಮೂರು ಸೆಕೆಂಡಿಗೊಮ್ಮೆ ತಾವಾಗಿಯೇ ಬದಲಾಗುತ್ತಿದ್ದವು. ಯಂತ್ರದೊಳಗೆ ಆ ಕ್ಷಣ ಯಾರು ಏನು ಮಾಡುತ್ತಿದ್ದಾರೆಂದು ತೋರಿಸುವ ಹಾಜರಿ ಪುಸ್ತಕ ಅದು. ಯುನಿಕ್ಸ್ ಎಂಬ ವ್ಯವಸ್ಥೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾಯಿತು. ಅದಕ್ಕಾಗಿ ಮೊದಲ ಟಾಪ್ ಅನ್ನು 1984ರಲ್ಲಿ ವಿಲಿಯಂ ಲೆಫೆವ್ರ್ ಎಂಬುವರು ಬರೆದರು. ಅದೇ ಮಾದರಿಯಲ್ಲಿ 1991ರಲ್ಲಿ ಹುಟ್ಟಿದ ಲಿನಕ್ಸಿನಲ್ಲೂ ಆ ಹೆಸರು, ಆ ಕೆಲಸ ಉಳಿದುಕೊಂಡಿದೆ.

ಮೇಲಿನ ಸಾಲಿನಲ್ಲಿ ಮೂರು ಅಂಕಿಗಳಿದ್ದವು. ಕಳೆದ 1, 5 ಮತ್ತು 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳ ಹೊರೆ ಇತ್ತು ಎಂಬ ಲೆಕ್ಕ ಅದು. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲ ನನ್ನ ಯಂತ್ರದಲ್ಲಿ ಅದು ನಾಲ್ಕನ್ನು ದಾಟಿತ್ತು.

"ನೋಡಿದೆಯಾ, ಪ್ರೊಸೆಸರಿಗೆ ಕೈಲಾಗುತ್ತಿಲ್ಲ" ಎಂದೆ.

"ಅದು ಹಾಗಲ್ಲ ದೊಡ್ಡಮ್ಮ. ಲಿನಕ್ಸಿನಲ್ಲಿ ಈ ಲೆಕ್ಕಕ್ಕೆ ಡಿಸ್ಕಿಗಾಗಿ ಕಾಯೋರೂ ಸೇರ್ತಾರೆ. ಕೆಳಗಿನ ಸಾಲು ನೋಡಿ."

ಅಲ್ಲಿ ಪ್ರೊಸೆಸರಿನ ಸಮಯವನ್ನು ಶೇಕಡಾವಾರು ಹಂಚಿಟ್ಟಿದ್ದರು. ಕೆಲಸಕ್ಕೆ ಹೋದದ್ದು ಹತ್ತರ ಒಳಗೆ. 'ಐಡಿ' ಎಂಬುದರ ಮುಂದೆ ಸುಮಾರು ಹತ್ತು. 'ಡಬ್ಲ್ಯುಎ' ಎಂಬುದರ ಮುಂದೆ ಎಂಬತ್ತಕ್ಕೂ ಹೆಚ್ಚು.

"ಐಡಿ ಅಂದ್ರೆ ಮಾಡೋಕೆ ಏನೂ ಇಲ್ಲದೆ ಸುಮ್ಮನಿರೋದು. ಡಬ್ಲ್ಯುಎ ಅಂದ್ರೆ ಡಿಸ್ಕಿನಿಂದ ಬರಬೇಕಾದ್ದು ಬಂದಿಲ್ಲ ಅಂತ ಕಾಯ್ತಾ ಸುಮ್ಮನಿರೋದು."

"ಎರಡಕ್ಕೂ ಏನಪ್ಪ ವ್ಯತ್ಯಾಸ?"

"ಪ್ರೊಸೆಸರನ್ನ ಮಾತ್ರ ನೋಡಿದ್ರೆ ಏನೂ ಇಲ್ಲ. ಎರಡರಲ್ಲೂ ಅದು ಕೈ ಕಟ್ಟಿ ಕೂತಿರುತ್ತೆ. ಬೇರೆ ಕಡೆ ಏನು ಬಾಕಿ ಇದೆ ಅಂತ ನೋಡಿದ್ರೇ ಗೊತ್ತಾಗೋದು."

ಆಮೇಲೆ 'ವಿಎಂಸ್ಟ್ಯಾಟ್' ಎಂಬ ಇನ್ನೊಂದನ್ನು ತೋರಿಸಿದ. ಅದರ ಮೊದಲ ಸಾಲನ್ನು ನೋಡಿ ತೀರ್ಮಾನಿಸಬಾರದಂತೆ. ಅದು ಯಂತ್ರ ಶುರುವಾದಾಗಿನಿಂದ ಈವರೆಗಿನ ಸರಾಸರಿ. ಈ ಹೊತ್ತಿನ ಕಷ್ಟ ತಿಳಿಯುವುದು ಎರಡನೆಯ ಸಾಲಿನಿಂದ. ಆ ಸಾಲುಗಳಲ್ಲಿ ನೆನಪಿನ ಕೋಣೆಯಿಂದ ಡಿಸ್ಕಿಗೂ ಡಿಸ್ಕಿನಿಂದ ಮತ್ತೆ ನೆನಪಿನ ಕೋಣೆಗೂ ಸಾಮಾನು ಹೋಗಿ ಬರುತ್ತಲೇ ಇತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೆಮೊರಿ ಅಡುಗೆ ಕಟ್ಟೆ, ಡಿಸ್ಕು ಉಗ್ರಾಣ. ಕಟ್ಟೆ ತುಂಬಿದಾಗ ಒಂದು ಡಬ್ಬಿ ಒಳಗಿಟ್ಟು ಇನ್ನೊಂದನ್ನು ತರಬೇಕು. ಓಡಾಟದಲ್ಲೇ ಹೊತ್ತು ಕಳೆದು, ಒಲೆ ಸುಮ್ಮನೆ ಉರಿಯುತ್ತಿರುತ್ತದೆ. ಕಟ್ಟೆ ತುಂಬಿಸಿದವರು ಯಾರು? ನಾನೇ. ನೋಡಿ ಮುಗಿಸಿದ ಇಪ್ಪತ್ತು ಪುಟಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದೆ. ಅವನ್ನು ಮುಚ್ಚಿದ ಸ್ವಲ್ಪ ಹೊತ್ತಿಗೆ ಯಂತ್ರ ಚುರುಕಾಯಿತು.

ಅವನು ಊಟಕ್ಕೆ ಎದ್ದ. ನಾನು ಅಲ್ಲೇ ಕೂತಿದ್ದೆ. ಕೈ ಕಟ್ಟಿ ಕೂತಿರುತ್ತೆ ಎಂಬ ಮಾತು ಕೇಳಿ ಒಬ್ಬ ಹುಡುಗಿ ನೆನಪಾಗಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ. ಮನೆಪಾಠ ಮಾಡಿ ತಂದದ್ದೇ ಅಪರೂಪ. ಪಾಠದ ನಡುವೆ ಕೈ ಕಟ್ಟಿ ಹೊರಗೆ ನೋಡುತ್ತಿದ್ದಳು, ಇಲ್ಲವೇ ತೂಕಡಿಸುತ್ತಿದ್ದಳು. ಬೈದೆ, ನಿಲ್ಲಿಸಿದೆ, ಏನೂ ನಾಟಲಿಲ್ಲ. ಡಿಸ್ಕಿಗಾಗಿ ಕಾಯುವ ಕೆಲಸವೊಂದು ಲಿನಕ್ಸಿನ ಪಟ್ಟಿಯಲ್ಲಿ ಸಾಮಾನ್ಯವಾಗಿ 'ಡಿ' ಎಂಬ ಗುರುತಿನಲ್ಲಿರುತ್ತದೆ. ಆ ಸ್ಥಿತಿಯಲ್ಲಿರುವುದನ್ನು ಎಬ್ಬಿಸುವುದು ಬಲು ಕಷ್ಟ, ತಾನು ಕಾಯುತ್ತಿರುವುದು ಬಂದ ಮೇಲೆಯೇ ಅದು ಏಳುವುದು. ಅವಳ ಪಾಡೂ ಅದೇ ಆಗಿತ್ತು. ನನಗದು ಗೊತ್ತಿರಲಿಲ್ಲ. ಪ್ರಗತಿ ಪತ್ರದ ಷರಾ ಜಾಗದಲ್ಲಿ ಬರೆದೆ: 'ಸೋಮಾರಿ. ಓದಿನಲ್ಲಿ ಆಸಕ್ತಿಯಿಲ್ಲ.'

ಹತ್ತನೆಯ ತರಗತಿಗೆ ಅವಳು ಬರಲಿಲ್ಲ. ಮನೆಗೆ ಹೋದೆ. ತಂದೆ ಒಳಗಿನಿಂದ ಆ ಪತ್ರ ತಂದು ನನ್ನ ಕೈಗೇ ಕೊಟ್ಟರು. "ನೀವೇ ಬರೆದಿದ್ದೀರಲ್ಲ ಮೇಡಂ, ಇನ್ಯಾಕೆ ಓದಿಸೋದು?" ಬಾಗಿಲವರೆಗೆ ಬಂದ ತಾಯಿ ಮೆಲ್ಲಗೆ ಹೇಳಿದರು: ಬೀದಿಯ ನಲ್ಲಿಯಲ್ಲಿ ನೀರು ಬರುವುದು ರಾತ್ರಿ ಎರಡು ಗಂಟೆಗೆ, ಕೊಡ ಹಿಡಿದು ಸರದಿಯಲ್ಲಿ ನಿಲ್ಲುವುದು ಇವಳೇ, ಅಣ್ಣಂದಿರಿಗೆ ನಿದ್ದೆ ಕೆಡಬಾರದು, ಅವರು ಕಾಲೇಜು ಓದುತ್ತಾರೆ. ತರಗತಿಯಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ, ನಿದ್ದೆಗಾಗಿ ಕಾಯುತ್ತಿದ್ದಳು. ನಾನು ಐಡಿ ಎಂದು ಓದಿದ್ದು ಡಬ್ಲ್ಯುಎ ಆಗಿತ್ತು. ಆ ತಂದೆಗೆ ಬೇಕಾಗಿದ್ದುದು ಒಂದು ಕಾರಣ. ಬರೆದುಕೊಟ್ಟವಳು ನಾನು.

ಹಾಗಾದರೆ ಜಗತ್ತಿನಲ್ಲಿ ಸೋಮಾರಿಗಳೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದ್ದಾರೆ. ಐಡಿ ಎಂಬ ಕಾಲಮ್ಮೂ ಇದೆಯಲ್ಲ! ಪ್ರತಿಯೊಂದು ಲೋಪಕ್ಕೂ ಒಂದು ಕರುಣೆಯ ಕತೆ ಹುಡುಕುತ್ತ ಕೂತರೆ ಶಾಲೆ ನಡೆಯುವುದಿಲ್ಲ, ಸಂಸಾರವೂ ನಡೆಯುವುದಿಲ್ಲ. ಆದರೆ ಎರಡು ಕಾಲಮ್ಮುಗಳನ್ನು ಬೇರೆ ಬೇರೆ ಇಟ್ಟಿರುವುದೇ ಒಂದು ನೀತಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಕಟ್ಟಿದ ಕೈಗಳನ್ನು ಮಾತ್ರ ನೋಡಿ ಯಾರೂ ಇದನ್ನು ಹೇಳಲಾರರು.

ಅದೇ ಪಟ್ಟಿಯಲ್ಲಿ 'ನೈಸ್' ಎಂಬ ಇನ್ನೊಂದು ಅಂಕಿ ಇದೆ, ನಮ್ಮಂಥ ಹೆಂಗಸರು ಅದನ್ನು ತಿಳಿದಿರಬೇಕು. ಒಂದು ಕೆಲಸ ಉಳಿದವರಿಗೆ ಎಷ್ಟು ದಾರಿ ಬಿಡುತ್ತದೆ ಎಂಬ ಅಂಕಿ ಅದು, ಮೈನಸ್ 20ರಿಂದ 19ರವರೆಗೆ. ಹೆಚ್ಚಿದಷ್ಟೂ ಒಳ್ಳೆಯತನ ಹೆಚ್ಚು, ಸರದಿ ಹಿಂದೆ. ಸಾಧಾರಣ ಬಳಕೆದಾರರು ತಮ್ಮ ಕೆಲಸದ ಒಳ್ಳೆಯತನವನ್ನು ಹೆಚ್ಚಿಸಬಹುದು, ಸಾಮಾನ್ಯವಾಗಿ ಮತ್ತೆ ಇಳಿಸಲಾಗದು. ಇಳಿಸುವ ಅಧಿಕಾರ ಯಜಮಾನನದು. ಇದನ್ನು ಕೇಳಿ ನಾನು ಬೆಚ್ಚಿದೆ. ಒಮ್ಮೆ ಬಿಟ್ಟುಕೊಟ್ಟ ಸರದಿಯನ್ನು ಕೇಳಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ? ಆ ಹುಡುಗಿಯ ಮನೆಯಲ್ಲಿ ಅವಳ ಪರವಾಗಿ ಆ ಅಂಕಿ ಇಳಿಸುವವರು ಇರಲಿಲ್ಲ. ಶಾಲೆಯಲ್ಲಿ ಆ ಅಧಿಕಾರ ನನಗೆ ಅಷ್ಟಿಷ್ಟು ಇತ್ತು, ನಾನು ಬಳಸಲಿಲ್ಲ.

ನೋಡುವುದಕ್ಕೂ ಒಂದು ಬೆಲೆ ಇದೆ. ಟಾಪ್ ಓಡುವಾಗ ಅದೂ ಸ್ವಲ್ಪ ಪ್ರೊಸೆಸರ್, ಸ್ವಲ್ಪ ಮೆಮೊರಿ ತಿನ್ನುತ್ತದೆ. ಪದೇ ಪದೇ ನೋಡಿದಷ್ಟೂ ಹೆಚ್ಚು ತಿನ್ನುತ್ತದೆ. ಮಕ್ಕಳ ಮನೆಯ ಕಷ್ಟವನ್ನು ತರಗತಿಯ ನಡುವೆ ನಿಲ್ಲಿಸಿ ಕೆದಕಿದರೆ ಅವರ ಮಾನವೇ ಆ ಬೆಲೆ. ಆದರೆ ಟಾಪಿನ ಒಂದು ಗುಣ ನನಗೆ ಹಿಡಿಸಿತು: ಎಲ್ಲರ ಲೆಕ್ಕ ಬರೆಯುವ ಆ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸುತ್ತದೆ. ನನ್ನ ಹಾಜರಿ ಪುಸ್ತಕದಲ್ಲಿ ನಾನು ಎಂದೂ ಇರಲಿಲ್ಲ. ರಾತ್ರಿಯೆಲ್ಲ ನೀರಿಗೆ ನಿಂತ ಮಗುವಿಗೆ ನಾಲ್ಕು ಪುಟ ಮನೆಪಾಠ ಕೊಟ್ಟವಳ ಹೆಸರು ಅಲ್ಲಿರಬೇಕಿತ್ತು.

ಈಗ ಷರಾ ಬರೆಯುವ ಮೊದಲು ಮಕ್ಕಳನ್ನು ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಒಂದೇ ಪ್ರಶ್ನೆ ಕೇಳುತ್ತೇನೆ: "ನಿನ್ನೆ ಎಷ್ಟು ಗಂಟೆಗೆ ಮಲಗಿದೆ?" ಕೆಲವರು ಟೀವಿ ನೋಡಿದೆ ಎನ್ನುತ್ತಾರೆ, ಅವರಿಗೆ ಬೈಗುಳ ತಪ್ಪುವುದಿಲ್ಲ. ಕೆಲವರು ತಲೆ ತಗ್ಗಿಸುತ್ತಾರೆ. ಅವರ ಷರಾ ಜಾಗವನ್ನು ಆ ದಿನ ಖಾಲಿ ಬಿಡುತ್ತೇನೆ.

ಹೋದ ತಿಂಗಳು ಬಸ್ ನಿಲ್ದಾಣದ ಬಳಿ ಹೂ ಕೊಳ್ಳಲು ನಿಂತಾಗ, "ನಮಸ್ಕಾರ ಮಿಸ್" ಎಂಬ ದನಿ ಕೇಳಿತು. ಅವಳೇ. ಮಲ್ಲಿಗೆ ಕಟ್ಟುತ್ತಿದ್ದಳು, ಕೈ ನೋಡುವುದರೊಳಗೆ ಮೊಳ ಮುಗಿಯುತ್ತಿತ್ತು. ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಹೇಳಿದೆ: "ನಿನ್ನ ಕಾರ್ಡಿನಲ್ಲಿ ನಾನು ಬರೆದ ಷರಾ ತಪ್ಪಮ್ಮ."

"ಯಾವ ಷರಾ ಮಿಸ್?" ಎಂದಳು. ನಿಜವಾಗಿ ಮರೆತಿದ್ದಳೋ, ಇಲ್ಲ ನನಗೂ ದಾರಿ ಬಿಟ್ಟಳೋ ತಿಳಿಯಲಿಲ್ಲ. ಎರಡು ಮೊಳ ಕೇಳಿದ್ದವಳಿಗೆ ಮೂರು ಮೊಳ ಅಳೆದು ಎಲೆಯಲ್ಲಿ ಸುತ್ತಿಕೊಟ್ಟಳು. ಅವಳ ಕೈ ಒಂದು ಕ್ಷಣವೂ ನಿಲ್ಲಲಿಲ್ಲ.