ಹೆಚ್ಚಿನ ಕಾಲ: ದಾಕ್ಷಿಣ್ಯವೋ, ನ್ಯಾಯವೋ?

ಜಗಳೂರಿನ ಕಡೆಯ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದು, “ಮೇಷ್ಟ್ರೇ, ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ ಅಂಗವೈಕಲ್ಯವುಳ್ಳವರಿಗೆ ಒಂದು ಗಂಟೆ ಹೆಚ್ಚಾಗಿ ಕೊಡುತ್ತಾರಂತೆ. ಮಿಕ್ಕ ಮಕ್ಕಳಿಗೆ ಇದು ಅನ್ಯಾಯವಲ್ಲವೆ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಅಸೂಯೆಯಿರಲಿಲ್ಲ, ಅವರ ಮಗಳೂ ಅದೇ ಪರೀಕ್ಷೆಗೆ ಕುಳಿತುಕೊಳ್ಳುವವಳು. ಆದುದರಿಂದ ಹಗುರಾಗಿ ಉತ್ತರ ಹೇಳಿ ಕಳುಹಿಸಲು ಮನಸ್ಸಾಗಲಿಲ್ಲ.

ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಗುರುಗಳು ಬಾಯಿಂದಲೇ ಪ್ರಶ್ನಿಸುತ್ತಿದ್ದರು; ನಾವೂ ಬಾಯಿಂದಲೇ ಉತ್ತರಿಸುತ್ತಿದ್ದೆವು. ಅಂಥಲ್ಲಿ ಕಣ್ಣಿಲ್ಲದವನು ಶಬ್ದರೂಪಗಳನ್ನು ಒಪ್ಪಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತೊದಲುವವನಿಗಾದರೋ ದಿನವೂ ಸಂಕಟ. ಬರೆವಣಿಗೆಯ ಪರೀಕ್ಷೆ ಬಂದೊಡನೆ ಇವರಿಬ್ಬರ ಸ್ಥಾನವೂ ಅದಲುಬದಲಾಗುವುದು. ಬುದ್ಧಿಯು ಇದ್ದ ಹಾಗೆಯೇ ಇರುವುದು, ಬದಲಾಗುವುದು ಅಳತೆಗೋಲು. ಹೀಗಿರುವಲ್ಲಿ, ಕುಂದೆಲ್ಲವೂ ವಿದ್ಯಾರ್ಥಿಯದೇ ಎಂದು ನಿಶ್ಚಯಿಸುವುದು ಹೇಗೆ?

ನಮ್ಮ ರಾಜ್ಯದ ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಬೆರಳು ನಡುಗುವ ಹುಡುಗನು ಉತ್ತರವನ್ನು ಬಲ್ಲನು. ಆ ಪುಟ್ಟ ವೃತ್ತವನ್ನು ಬೇಗನೆ ತುಂಬಲಾರನು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗಣಿಸಿತು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಗಂಟೆಗೆ 20 ನಿಮಿಷಕ್ಕೆ ಕಡಮೆಯಿಲ್ಲದಂತೆ ಕಾಲವನ್ನು ಕೂಡಿಸಿ ಕೊಡಬೇಕೆಂದಿತು. ಮೂರು ಗಂಟೆಗೆ ಒಂದು ಗಂಟೆಯೆಂಬ ಲೆಕ್ಕ ಇದೇ. 2021ರ ನೀಟ್ ಪರೀಕ್ಷೆಯಲ್ಲಿ, ಬರೆವಣಿಗೆಗೆ ತೊಡಕಾಗುವ ವೈಕಲ್ಯವಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಆ ಗಂಟೆ ದೊರೆಯಲಿಲ್ಲ. ಆಕೆಗೆ ಅನ್ಯಾಯವಾಯಿತೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಆದರೂ ಮರುಪರೀಕ್ಷೆಯನ್ನು ವಿಧಿಸಲಿಲ್ಲ.

“ವೇಗವೂ ಒಂದು ಯೋಗ್ಯತೆಯಲ್ಲವೆ?” ಎಂದರು ಗೃಹಸ್ಥರು. ಓಟದ ಪಂದ್ಯದಲ್ಲಿ ಹೌದು. ಶೀಘ್ರಲಿಪಿಕಾರನ ಆಯ್ಕೆಯಲ್ಲಿಯೂ ಹೌದು. ವೃತ್ತ ತುಂಬುವ ವೇಗವನ್ನು ವಿಚಾರಿಸಿ ವೈದ್ಯನ ಬಳಿಗೆ ಹೋದವರನ್ನು ನಾನು ಕಾಣೆ. ಆದರೆ 20 ನಿಮಿಷವೆಂಬುದೇ ಸರ್ವರಿಗೂ ತಕ್ಕ ಅಳತೆಯೆಂದು ನಾನು ವಾದಿಸಲಾರೆ. ಒಬ್ಬನಿಗೆ ಅದು ಮಿಕ್ಕೀತು, ಇನ್ನೊಬ್ಬನಿಗೆ ಸಾಲದಾದೀತು. ಅಷ್ಟರ ಮಟ್ಟಿಗೆ ಅವರ ಶಂಕೆ ನಿರಾಧಾರವಲ್ಲ.

ಇಷ್ಟನ್ನು ಹೇಳಿದ ಮೇಲೆ ನನ್ನದೊಂದು ಸಂಗತಿಯನ್ನು ಮರೆಮಾಡಲಾಗಲಿಲ್ಲ. ಹೊನ್ನಾಳಿಯ ಸೀಮೆಯ ಶಾಲೆಯೊಂದರಲ್ಲಿ ನಾನು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆನು. ಗಂಟೆ ಬಾರಿಸಿತು. ಪೋಲಿಯೋದಿಂದ ಕೈ ಸೊರಗಿದ್ದ ಹುಡುಗನೊಬ್ಬನು, “ಇನ್ನೆರಡು ಸಾಲು, ಸಾರ್,” ಎಂದು ಬೇಡಿಕೊಂಡನು. ಎಲ್ಲರಿಗೂ ಒಂದೇ ನಿಯಮವೆಂದು ಹೇಳಿ ಉತ್ತರಪತ್ರಿಕೆಯನ್ನು ತೆಗೆದುಕೊಂಡೆನು. ನಿಷ್ಪಕ್ಷಪಾತಿಯೆಂಬ ಹೆಮ್ಮೆಯಿಂದಲೇ ಅಂದು ಮನೆಗೆ ಹೋದೆನು.

ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಮುಂದೆ ಏನಾದ?” ಎಂದರು.

ನನಗೆ ತಿಳಿಯದು. ಅಂದು ವಿಚಾರಿಸಬೇಕೆಂದು ನನಗೆ ತೋರಲಿಲ್ಲ.