ಕಾಳಿಂಗನ ಹಸು

ಮೈಸೂರಿನಿಂದ ಊಟಿಗೆ ಹೊರಟವರಿಗೆ ನಂಜನಗೂಡು ದಾಟಿದ ಮೇಲೆ ಬೇಗೂರು ಸಿಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಕಾರಿನಲ್ಲಿ ಕೂತವರಿಗೆ ಇಲ್ಲಿಂದಲೇ ಹುಲಿಯ ಆಸೆ ಶುರು. ಬಂಡೀಪುರದಲ್ಲಿ ಒಂದಾದರೂ ಕಂಡರೆ ಪ್ರವಾಸ ಸಾರ್ಥಕ. ಅದೇ ತಾಲ್ಲೂಕಿನಲ್ಲಿ ಕೊಟ್ಟಿಗೆಯಲ್ಲಿ ನಾಲ್ಕು ರಾಸು ಕಟ್ಟಿಕೊಂಡವನ ಹರಕೆ ಇದಕ್ಕೆ ತಿರುವುಮುರುವು: ಹುಲಿ ಕಣ್ಣಿಗೆ ಬೀಳದೆ ಈ ವರ್ಷ ಕಳೆದರೆ ಸಾಕು.

ಈ ಎರಡು ಆಸೆಗಳು ಮುಖಾಮುಖಿಯಾದರೆ ಏನಾಗುತ್ತದೆ ಎಂಬುದು 2025ರ ಸೆಪ್ಟೆಂಬರ್‌ನಲ್ಲಿ ಇದೇ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಕಾಣಿಸಿತು. ಹುಲಿ ಹಿಡಿಯಲೆಂದು ತಂದಿಟ್ಟ ಬೋನಿಗೆ ಹುಲಿ ಬೀಳಲಿಲ್ಲ. ರೊಚ್ಚಿಗೆದ್ದ ಊರವರು ಅರಣ್ಯ ಸಿಬ್ಬಂದಿಯನ್ನೇ ಅದರೊಳಗೆ ತಳ್ಳಿ ಬಾಗಿಲು ಹಾಕಿದರು. ಸುದ್ದಿ ಓದಿ ನಕ್ಕವರು ಬಹಳ. ಹಸು ಕಳೆದುಕೊಂಡವರಿಗೆ ಅದು ನಗುವ ಸಂಗತಿಯಾಗಿರಲಿಲ್ಲ, ಒಳಗೆ ನಿಂತ ಬಡ ಸಿಬ್ಬಂದಿಗೂ ಅಲ್ಲ.

ಹಸುವನ್ನು ಕೊಂದ ಹುಲಿಗೆ ಪಾಪ ತಟ್ಟುತ್ತದೆಯೇ? ಕನ್ನಡದ ಮಕ್ಕಳಿಗೆ ಈ ಪ್ರಶ್ನೆ ‘ಗೋವಿನ ಹಾಡಿ’ನಿಂದಲೇ ಪರಿಚಯ. ಅಲ್ಲಿ ಅರ್ಬುತನೆಂಬ ಹುಲಿ ಪುಣ್ಯಕೋಟಿಯ ಸತ್ಯಕ್ಕೆ ಸೋತು, ನಾಚಿ, ಪ್ರಾಣ ಬಿಡುತ್ತದೆ. ಕೇಳುವಾಗ ಗಂಟಲು ಕಟ್ಟುತ್ತದೆ, ನಿಜ. ಆದರೆ ಹುಲಿ ತನ್ನ ಹಸಿವಿಗೆ ತಾನೇ ನಾಚಿಕೊಂಡು ಸಾಯಬೇಕೆಂದು ಬಯಸುವುದು ಎಂಥ ಧರ್ಮ? ಹುಲ್ಲು ಮೇಯುವುದು ಹಸುವಿನ ಧರ್ಮವಾದರೆ, ಹಸುವನ್ನು ಹಿಡಿಯುವುದು ಹುಲಿಯ ಧರ್ಮ.

ಆ ಹಾಡಿನಲ್ಲಿ ಮೂರನೆಯವನೊಬ್ಬನಿದ್ದಾನೆ, ಗೊಲ್ಲ ಕಾಳಿಂಗ. ಹಸುಗಳನ್ನು ಹೆಸರು ಹಿಡಿದು ಕರೆಯುವವನು, ಸಾಕುವವನು, ಕಳೆದರೆ ನಷ್ಟ ಅನುಭವಿಸುವವನು. ಹಸುವಿಗೂ ಹುಲಿಗೂ ನಡೆಯುವ ಧರ್ಮಸಂಕಟದ ಮಾತುಕತೆಯಲ್ಲಿ ಅವನನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಹಸುಗಳಿಗಾಗಿ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ಕಾಳಿಂಗನ ಹೆಸರನ್ನು ಯಾವ ಯೋಜನೆಗೂ ಇಟ್ಟಂತಿಲ್ಲ!

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಹಾಡು ತಲೆಕೆಳಗಾಯಿತು. ಒಂದು ತಾಯಿ ಹುಲಿ, ನಾಲ್ಕು ಮರಿಗಳು, ಐದೂ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೇ ಯಾರೋ ವಿಷ ಬೆರೆಸಿದ್ದರು. ಹಸು ಹೋದ ಸಿಟ್ಟಿಗೆ ಹೀಗೆ ಮಾಡಿದ ಆರೋಪದ ಮೇಲೆ ಕೆಲವರು ಬಂಧಿತರಾದರು. ಹಾಡಿನಲ್ಲಿ ಹಸುವಿನ ಸತ್ಯ ಹುಲಿಯನ್ನು ಕೊಂದಿತ್ತು. ಹೂಗ್ಯದಲ್ಲಿ ಹಸುವಿನ ಮಾಂಸ ಕೊಂದಿತು.

ಅದೂ ಎಲ್ಲಿ? ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಕಾಡಿನಲ್ಲಿ. ಬೆಟ್ಟದ ಮೇಲೆ ಹುಲಿಯೇರಿ ಕೂತ ಮಹದೇಶ್ವರನ 108 ಅಡಿ ಎತ್ತರದ ಮೂರ್ತಿಗೆ ‘ಉಘೇ’ ಎನ್ನುತ್ತಾ ಕೈಮುಗಿಯುವ ಸೀಮೆಯಲ್ಲೇ ವಿಷ ಬಿತ್ತು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಹುಲಿ ದೈವವೇ, ಹುಲಿವೀರಪ್ಪನೆಂದು ಪೂಜಿಸುತ್ತಾರೆ. ತಮ್ಮ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದ ರಂಗಸ್ವಾಮಿ ಅವರಿಗೆ ಭಾವ. ದೇವರೊಂದಿಗೇ ನಂಟಸ್ತನ ಇಟ್ಟುಕೊಂಡ ಜನಕ್ಕೆ ಕಾಡಿನ ಹುಲಿ ಹೊರಗಿನದಲ್ಲ. ಆದರೂ ನಂಬಿಕೆಯೊಂದೇ ಹುಲಿಯನ್ನು ಉಳಿಸುತ್ತದೆಂಬ ಭ್ರಮೆ ಹೂಗ್ಯದ ನಂತರ ಯಾರಿಗೂ ಇರಬಾರದು.

ಹಾಗಾದರೆ ಉಳಿಸುವವರು ಯಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಜ್ಯ ವನ್ಯಜೀವಿ ಮಂಡಳಿಗೆ ಒಂದು ಜವಾಬ್ದಾರಿ ಕೊಟ್ಟಿದೆ. ಮುಖ್ಯಮಂತ್ರಿ ಅಧ್ಯಕ್ಷರು, ಅರಣ್ಯ ಸಚಿವರು ಉಪಾಧ್ಯಕ್ಷರು. ಯಾವ ಕಾಡನ್ನು ವನ್ಯಧಾಮ ಮಾಡಬೇಕು, ಅದರ ನಡುವೆ ರಸ್ತೆಯೋ ವಿದ್ಯುತ್ ತಂತಿಯೋ ಹಾಯಬೇಕೆಂದರೆ ಏನು ಸಲಹೆ ಕೊಡಬೇಕು ಎಂಬುದು ಸಾಮಾನ್ಯವಾಗಿ ಚರ್ಚೆಯಾಗುವ ಕೆಲಸ. ಜೊತೆಗೆ ಕಾಯ್ದೆಯ ಎಂಟನೇ ಸೆಕ್ಷನ್‌ನಲ್ಲಿ ಕಡಿಮೆ ಸದ್ದು ಮಾಡುವ ಇನ್ನೊಂದು ಕೆಲಸವಿದೆ: ಬುಡಕಟ್ಟಿನವರ, ಕಾಡಿನಲ್ಲಿ ವಾಸಿಸುವ ಇತರ ಜನರ ಅಗತ್ಯಗಳಿಗೂ ವನ್ಯಜೀವಿ ರಕ್ಷಣೆಗೂ ಹೊಂದಾಣಿಕೆ ತರುವ ದಾರಿ ಹೇಳುವುದು. ನಾಮನಿರ್ದೇಶನಗೊಳ್ಳುವ ಹತ್ತು ಮಂದಿ ಪರಿಣತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದವರಿರಬೇಕೆಂದೂ ಕಾಯ್ದೆ ಹೇಳುತ್ತದೆ. ಕಾಳಿಂಗನಿಗೆ ಮೀಸಲಾದ ಕುರ್ಚಿ ಮಾತ್ರ ಇಲ್ಲ.

ಬೌದ್ಧರ ವ್ಯಾಘ್ರೀ ಜಾತಕ ಇಲ್ಲಿ ನೆನಪಾಗುತ್ತದೆ. ಹಸಿದ ತಾಯಿ ಹುಲಿಗೆ ಬೋಧಿಸತ್ವ ತನ್ನ ಮೈಯನ್ನೇ ಕೊಡುತ್ತಾನೆ. ಹುಲಿ ತಿನ್ನುತ್ತದೆ, ಅದು ನಾಚಬೇಕೆಂದು ಆ ಕತೆ ಬಯಸುವುದಿಲ್ಲ. ಅಲ್ಲಿನ ಪುಣ್ಯಕ್ಕೆಲ್ಲ ಕಾರಣ ಒಂದೇ: ಕೊಟ್ಟವನು ಕೊಟ್ಟಿದ್ದು ತನ್ನದನ್ನು. ಈಗ ಹುಲಿಗೆ ನಡೆಯುತ್ತಿರುವ ದಾನವೇ ಬೇರೆ ಬಗೆಯದು. ಹುಲಿ ಉಳಿಯಲಿ ಎಂಬ ಸಂಕಲ್ಪ ಬೆಂಗಳೂರು, ದೆಹಲಿಯದು. ಹಸು ಬೇಗೂರು ಸೀಮೆಯದು, ಹೂಗ್ಯದ್ದು. ಪರರ ಹಸುವನ್ನು ಧಾರೆ ಎರೆದುಕೊಟ್ಟು ತಾನು ಪುಣ್ಯ ಕಟ್ಟಿಕೊಳ್ಳುವುದನ್ನು ಯಾವ ಶಾಸ್ತ್ರವೂ ಒಪ್ಪಲಾರದು. ಹುಲಿ ತಿಂದ ಹಸುವಿಗೆ ಸರ್ಕಾರ ಕೊಡುವ ಹಣವನ್ನು ‘ಪರಿಹಾರ’ ಎನ್ನುವುದಕ್ಕಿಂತ ‘ಸಾಲದ ಕಂತು’ ಎಂದರೆ ಸರಿಹೋದೀತು. ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವನು ಕಾಳಿಂಗನಲ್ಲ, ಸಾಲಗಾರ.

ಬಿಳಿಗಿರಿರಂಗನ ಬೆಟ್ಟದಲ್ಲಿ ಇಂಥ ಲೆಕ್ಕವೊಂದು ಒಮ್ಮೆ ತಪ್ಪಿ, ಸ್ವಲ್ಪ ಸರಿಹೋಯಿತು. ಸೋಲಿಗರು ಹಿಂದೆ ಬೇಸಿಗೆಗೆ ಮುನ್ನ ನೆಲದ ತರಗೆಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ನಿಷಿದ್ಧವಾಗಿತ್ತು. 2004ರ ಸುಮಾರಿಗೆ ಜೇನು, ನೆಲ್ಲಿಕಾಯಿ ಸಂಗ್ರಹವೂ ನಿಂತಿತು. ಕಾಡನ್ನು ಲಾಂಟಾನ ಕಳೆ ಮುಚ್ಚಿದ್ದಕ್ಕೆ ಆ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾ ಬಂದಿದ್ದಾರೆ. 2011ರ ಜನವರಿಯಲ್ಲಿ ಈ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನಲ್ಲಿ ಜನರಿಗೂ ಹಕ್ಕು ಬರೆದುಕೊಡಬಹುದು ಎಂಬುದಕ್ಕೆ ಬೇಗೂರು, ಹೂಗ್ಯಂ ಇರುವ ಈ ಜಿಲ್ಲೆಯೊಳಗೇ ಉದಾಹರಣೆಯಿದೆ.

ರಾಜ್ಯ ವನ್ಯಜೀವಿ ಮಂಡಳಿ ವರ್ಷಕ್ಕೆ ಕನಿಷ್ಠ ಎರಡು ಬಾರಿ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಸಭೆ ರಾಜಧಾನಿಯಲ್ಲೇ ಆಗಬೇಕೆಂದೇನೂ ಇಲ್ಲ. ಎರಡರಲ್ಲಿ ಒಂದನ್ನಾದರೂ ಬೇಗೂರಿನಲ್ಲೋ ಹೂಗ್ಯದಲ್ಲೋ, ಸಂಜೆ ದನ ಕೊಟ್ಟಿಗೆಗೆ ಮರಳಿದ ಮೇಲೆ ತಲೆ ಎಣಿಸುವ ಹೊತ್ತಿಗೆ, ನಡೆಸಲಿ.